ಚೌಕಾಶಿಗೆ ಬಗ್ಗದ ಕಬ್ಬಿಣ

‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬುದನ್ನು ನಾನು ಎರಡು ಸಲ ಕಲಿತೆ, ಎರಡು ಸಲವೂ ಬೆಲೆ ತೆತ್ತೆ. ಮೊದಲ ಸಲ ಹರೆಯದಲ್ಲಿ, ಉದಗೀರದ ರೈಲು ಸ್ಟೇಶನ್ನಿನಲ್ಲಿ, ಎರಡೂ ಅಂಗೈಗಳ ಚರ್ಮ ಹೋಯಿತು. ಎರಡನೆಯ ಸಲ ಮುಪ್ಪಿನಲ್ಲಿ, ನಿಲಂಗಾದಲ್ಲಿ, ನನ್ನ ಅಂಗಡಿಯ ಮೇಲಿನ ಖೋಲಿಯ ಬಾಡಿಗೆ ಹೋಯಿತು. ಆ ಖೋಲಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು ನಡೆಯುತ್ತಿತ್ತು. ಬಾಡಿಗೆ ಬಿಡುತ್ತೇನೆ, ಬದಲಿಗೆ ನನ್ನನ್ನೂ ಒಂದು ಕುರ್ಚಿಯ ಮೇಲೆ ಕೂಡಿಸಿಕೊಳ್ಳಿ ಎಂದು ನಾನೇ ಮೇಲೇರಿ ಹೋಗಿ ಕೇಳಿದೆ. ಬಾಡಿಗೆ ಬಿಡುವ ಮನುಷ್ಯ ನಾನಲ್ಲ ಎಂದು ಪೇಟೆಗೆಲ್ಲ ಗೊತ್ತು. ಮನೆಯವರು ಇವರಿಗೆ ಅರಳುಮರಳು ಎಂದುಕೊಂಡರು. ನನಗೆ ಮಾತ್ರ ಅದು ಲಾಭದ ವ್ಯವಹಾರವಾಗಿಯೇ ಕಂಡಿತು. ಯಾಕೆಂದು ಹೇಳುತ್ತೇನೆ.

ಕೆಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮೇಲಿನ ಪಾಠ ಮೆಟ್ಟಿಲಿಳಿದು ಕಿವಿಗೆ ಬೀಳುತ್ತಿತ್ತು. ಕಲಿಸುವಾಕೆ ಎಳೆಯ ಹುಡುಗಿ, ಎಲ್ಲರೂ ಆಕೆಯನ್ನು ಮರಾಠಿ ರೂಢಿಯಂತೆ ‘ಬಾಯಿ’, ಅಂದರೆ ಅಕ್ಕೋರು, ಎನ್ನುತ್ತಿದ್ದರು. ಒಂದು ದಿನ ಆಕೆ, ಯಂತ್ರಕ್ಕೆ ಗೊತ್ತಿರುವುದು ‘ಹೌದು’ ಮತ್ತು ‘ಅಲ್ಲ’ ಎಂಬ ಎರಡೇ, ಮೂರನೆಯದು ಅದಕ್ಕೆ ತಿಳಿಯುವುದಿಲ್ಲ, ಎಂದು ಹೇಳುತ್ತಿದ್ದಳು. ತಕ್ಕಡಿ ಹಿಡಿದ ನನ್ನ ಕೈ ನಿಂತಿತು. ಈ ಮಾತು ನಾನು ಬಲ್ಲೆ, ಈ ಮಾತನ್ನು ನಾನು ಕಣ್ಣಿನಿಂದ ನೋಡಿದ್ದೇನೆ ಅನ್ನಿಸಿತು. ಹಾಗಾಗಿ ಮೇಲೇರಿದೆ.

ಮೊದಲ ವಾರದಲ್ಲೇ ಬಾಯಿ ಎಲ್ಲರಿಗೂ ಒಂದೊಂದು ಷರತ್ತು ಬರೆಯಲು ಹೇಳಿದಳು. ಉಳಿದವರು ಪಾಸು, ನಾಪಾಸು ಎಂದು ಬರೆದರು. ನಾನು ನನ್ನ ಹಳೆಯ ಕಸುಬಾದ ಎತ್ತಿನ ವ್ಯಾಪಾರದ್ದು ಬರೆದೆ. ಎತ್ತಿಗೆ ಹಲ್ಲು ಕೂಡಿದ್ದರೆ, ಅಂದರೆ ಎಲ್ಲ ಹಲ್ಲೂ ಬಂದಿದ್ದರೆ, ಮತ್ತು ನಡಿಗೆ ಸರಿಯಿದ್ದರೆ ‘ತಗೋ’ ಎಂದು ತೋರಿಸು. ಹಲ್ಲಿಗೆ ಹೌದು, ನಡಿಗೆಗೆ ಅಲ್ಲ ಎಂದು ತುಂಬಿಸಿ ಗುಂಡಿ ಒತ್ತಿದೆ. ಪರದೆ ಖಾಲಿ. ಕಾದೆ. ಖಾಲಿಯೇ.

“ಬಾಯೀ, ನಿಮ್ಮ ಯಂತ್ರ ಸುಮ್ಮ ಕೂತದ ನೋಡ್ರಿ.”

“ಅಜ್ಜಾ, ಇಲ್ಲದಿದ್ರ ಏನು ಮಾಡಬೇಕಂತ ನೀವು ಬರದೇ ಇಲ್ಲಲ್ರೀ.”

“ಅದೂ ಹೇಳಬೇಕೇನು? ಕುಂಟೋ ಎತ್ತು ಬಿಡಬೇಕಂತ ತಿಳಿಯಂಗಿಲ್ಲೇನು ಅದಕ್ಕ?”

“ತಿಳಿಯಂಗಿಲ್ರೀ. ಹೇಳಿದ್ದಷ್ಟೇ ಕೇಳ್ತದ.”

ಆಮೇಲೆ ‘ಅಥವಾ’ ಬಂತು. ಅಲ್ಲಿ ನಾನು ಜಗಳಕ್ಕೇ ನಿಂತೆ. ಸಂತೆಯಲ್ಲಿ ‘ಕರಿಯದು ಇಲ್ಲಾ ಬಿಳಿಯದು ಒಯ್ಯಿ’ ಅಂದರೆ ಒಂದನ್ನೇ ಒಯ್ಯಬೇಕು, ಎರಡನ್ನೂ ಹೊಡೆದುಕೊಂಡು ಹೋದರೆ ಕಳವು. ಬಾಯಿ ನಕ್ಕು, ಓಟು ಹಾಕಲು ಹೋದಾಗ ಈ ಗುರುತಿನ ಚೀಟಿ ಅಥವಾ ಆ ಚೀಟಿ ತನ್ನಿ ಅಂದರೆ, ಎರಡೂ ತಂದವನನ್ನು ಹೊರಗೆ ಹಾಕುತ್ತಾರೇನು ಅಜ್ಜಾ, ಎಂದು ಕೇಳಿದಳು. ಯಂತ್ರದ ‘ಅಥವಾ’ ಆ ಬಗೆಯದು, ಒಂದಿದ್ದರೂ ಆಯಿತು, ಎರಡಿದ್ದರೂ ಆಯಿತು. ವಾದದಲ್ಲಿ ಸೋತೆ. ಸೋತದ್ದಕ್ಕೆ ನನಗೆ ಹಿಡಿಸಲಾರದ ಖುಷಿಯಾಯಿತು. “ಇದರ ಅಪ್ಪನ್ನ ನಾ ಉದಗೀರ ಟೇಸನ್ದಾಗ ನೋಡೀನಿ ಬಾಯೀ” ಅಂದೆ. ಹುಡುಗರು ಗೊಳ್ಳೆಂದರು. ಆ ದಿನ ಅವರಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಜನರ ಎದೆಯ ಅಂಜಿಕೆ ಸಾವಕಾಶ ಇಳಿದು ಸಂತೆಗಳು ಮತ್ತೆ ತುಂಬತೊಡಗಿದ್ದವು. ನಮ್ಮದು ಬೀರಪ್ಪನ ಒಕ್ಕಲು, ಅಪ್ಪನ ಹಿಂದೆ ಕುರಿ, ಕುರಿಯ ಹಿಂದೆ ನಾನು. ನನಗೆ ಕುರಿ ಸಾಕಾಗಿತ್ತು. ನನ್ನ ಕಣ್ಣು ಸೋದರಮಾವನ ಮೇಲಿತ್ತು. ಅವನು ದೇವಣಿಯಲ್ಲಿ ಎತ್ತಿನ ವ್ಯಾಪಾರ ಮಾಡುತ್ತಿದ್ದ. ದೇವಣಿಯ ಎತ್ತು ಅಂದರೆ ಬಿಳಿಯ ಮೈ, ಮೇಲೆ ಶಾಯಿ ಚೆಲ್ಲಿದಂತೆ ಕರಿಯ ಮಚ್ಚೆ, ದೂರದಿಂದಲೇ ಗಿರಾಕಿಯನ್ನು ಎಳೆದು ತರುವಂಥದ್ದು. ಮಾವನ ಸಂಗಡ ಸಂತೆಗೆ ಹೋಗಿ ಹೋಗಿ ನಾನು ಮಾತು ಕಲಿತಿದ್ದೆ. ನಮ್ಮ ಸಂತೆಯಲ್ಲಿ ‘ಇಲ್ಲ’ ಎಂಬುದು ಮಾತಿನ ಕೊನೆಯಲ್ಲ, ಮಾತಿನ ಶುರು. ‘ಹೌದು’ ಅಂದವನನ್ನೂ ಪೂರ್ತಿ ನಂಬುವುದಿಲ್ಲ. ಬೆಲೆ ಹೇಳಲು ಟವಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತುವಾಗ ಅರ್ಧ ಹೌದು, ಮುಕ್ಕಾಲು ಇಲ್ಲ, ನೋಡೋಣ, ಆಮೇಲೆ ಬಾ, ಇವೆಲ್ಲ ಇರುತ್ತವೆ. ಆ ನಡುವಿನ ಜಾಗದಲ್ಲೇ ನಮ್ಮ ಅನ್ನ. ಜಗತ್ತಿನಲ್ಲಿ ಮಾತಿಗೆ ಬಗ್ಗದ್ದು ಯಾವುದೂ ಇಲ್ಲ ಎಂದೇ ನಾನು ತಿಳಿದಿದ್ದೆ.

ಮಾವ ನನ್ನನ್ನು ವ್ಯಾಪಾರದಲ್ಲಿ ಸೇರಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಬಾಯಿ ಅದೆ, ತಲೆ ಇಲ್ಲ ಎಂಬುದು ನನ್ನ ಬಗ್ಗೆ ಅವನ ತೀರ್ಮಾನ. ಕಡೆಗೆ ಅಕ್ಕನ ಕಾಟ ತಾಳದೆ, ಅಂದರೆ ನಮ್ಮವ್ವನ ಕಾಟ ತಾಳದೆ, ಒಂದು ಸಲ ಒಪ್ಪಿದ. ಜಹೀರಾಬಾದಿನ ಕಡೆಯ ಕಬ್ಬಿನ ಒಕ್ಕಲುತನದ ಒಬ್ಬ ಪಟೇಲರು ಹತ್ತು ಎತ್ತು ಕೊಂಡಿದ್ದರು. ಅವನ್ನು ಉದಗೀರಕ್ಕೆ ಹೊಡೆದುಕೊಂಡು ಹೋಗಿ, ಮಾಲುಗಾಡಿಯ ಡಬ್ಬಿಗೆ ಏರಿಸಿ ಕಳಿಸುವ ಕೆಲಸ ನನಗೆ ಬಂತು. ಹೊರಡುವಾಗ ಮಾವ ಹೇಳಿದ್ದು ಇಷ್ಟೇ.

“ಮಾಲು ಇವತ್ತಿನ ಗಾಡಿಗೆ ಹತ್ತಿತೋ, ನೀ ನನ್ನ ಜೋಡಿ. ಹತ್ತಲಿಲ್ಲೋ, ಅಪ್ಪನ ಕುರಿ ಹಿಂದ. ನಡುವ ಮಾತಿಲ್ಲ ಅಳಿಯಾ.”

ನಡುವೆ ಮಾತಿಲ್ಲ ಎಂಬುದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಾವನಲ್ಲವೆ, ಬಗ್ಗಿಸಬಹುದು ಅಂದುಕೊಂಡೆ.

ಉದಗೀರದಲ್ಲಿ ಮಾಲು ಏರಿಸುವ ಕಟ್ಟೆ ಹಳಿಯ ಆಚೆಗಿತ್ತು. ರಸ್ತೆಯಿಂದ ಅಲ್ಲಿಗೆ ಹೋಗಲು ಒಂದು ಗೇಟು ದಾಟಬೇಕು. ಗೇಟಿನ ಬದಿಗೇ ತಗಡಿನ ಒಂದು ಕೊಠಡಿ, ಅದರೊಳಗೆ ಸಾಲಾಗಿ ನಿಂತ ಕಬ್ಬಿಣದ ಲಿವರುಗಳು. ಒಂದನ್ನು ಎಳೆದರೆ ಹಳಿ ತಿರುಗುತ್ತದೆ, ಇನ್ನೊಂದನ್ನು ಎಳೆದರೆ ದೂರದಲ್ಲಿ ಸಿಗ್ನಲ್ಲಿನ ಕೈ ಬೀಳುತ್ತದೆ, ಕೈ ಬಿದ್ದರೆ ಗಾಡಿ ಒಳಗೆ ಬರಬಹುದು. ಗೇಟು, ಲಿವರು ಎರಡನ್ನೂ ನೋಡುವವನು ಒಬ್ಬನೇ. ಅವನನ್ನು ಕಾಂಟೇವಾಲಾ ಅನ್ನುತ್ತಿದ್ದರು. ನಮ್ಮ ಕಡೆಯವನೇ, ಮೀಸೆ ನರೆತವನು, ಯಾವಾಗಲೂ ಸಿಡುಕು.

ಎಂಟು ಎತ್ತುಗಳನ್ನು ಮುಂಜಾನೆಯೇ ಡಬ್ಬಿಗೆ ಏರಿಸಿದೆ. ನನ್ನನ್ನು ಪರೀಕ್ಷಿಸಲೆಂದು ಸಂಗಡ ಬಂದಿದ್ದ ಮಾವ ಬದಿಗೆ ನಿಂತು ಗಮನಿಸುತ್ತಿದ್ದ. ಉಳಿದದ್ದು ಕಡೆಯ ಜೋಡಿ, ಅದೇ ಎಲ್ಲಕ್ಕೂ ಮೇಲಾದ ಜೋಡಿ. ಪಟೇಲರು ಬರಲಿ, ಅವರ ಕೈಯಿಂದ ಭಂಡಾರ ಹಚ್ಚಿಸಿ ಕಳಿಸೋಣ ಎಂದು ಅದನ್ನು ಇಟ್ಟುಕೊಂಡಿದ್ದೆವು. ಅವರು ಬಂದರು, ಎರಡರ ಹಣೆಗೂ ಅರಿಶಿನದ ಭಂಡಾರ ಹಚ್ಚಿದರು. ನಮ್ಮಲ್ಲಿ ಒಂದು ಪದ್ಧತಿ ಇದೆ. ಮಾರಿದ ಜೋಡಿ ಹೊರಡುವಾಗ ಬಲಗಡೆಯ ಎತ್ತು ಮೊದಲು, ಎಡಗಡೆಯದು ಅದರ ಹಿಂದೆ. ಜೋಡಿಯನ್ನು ಒಟ್ಟಿಗೆ ಹೊಡೆಯುವುದಿಲ್ಲ. ಮತ್ತೊಂದು, ಭಂಡಾರ ಹಚ್ಚಿ ಹೊರಗೆ ಹಾಕಿದ ಎತ್ತು ಹಿಂದಕ್ಕೆ ಬರಬಾರದು, ಬಂದರೆ ಸೌದಾ, ಅಂದರೆ ವ್ಯಾಪಾರ, ಮುರಿಯಿತು ಎಂದೇ ಲೆಕ್ಕ.

ಪದ್ಧತಿಯ ಪ್ರಕಾರ ಬಲಗಡೆಯದನ್ನು ಮೊದಲು ನಡೆಸಿದೆ. ಅದು ಹಳಿ ದಾಟಿ ಆಚೆ ನಿಂತಿತು. ಎಡಗಡೆಯದು ಗೇಟಿನ ಹತ್ತಿರ ಬಂತು, ಬಿಸಿಲಿಗೆ ಹೊಳೆಯುವ ಹಳಿಯನ್ನು ನೋಡಿತು, ಮೂಗು ಊದಿಸಿತು, ಅಲ್ಲೇ ಕಾಲು ಮಡಚಿ ಮಲಗಿಬಿಟ್ಟಿತು. ಸರಿಯಾಗಿ ಗೇಟಿನ ಅಡ್ಡಗಂಬ ಕೆಳಗಿಳಿಯುವ ಜಾಗದಲ್ಲಿ.

ಆಗಲೇ ಸ್ಟೇಶನ್ ಮಾಸ್ತರರ ಕಡೆಯಿಂದ ಗಾಡಿ ಬರುತ್ತಿದೆಯೆಂದು ಗಂಟೆಯಾಯಿತು. ಕಾಂಟೇವಾಲಾ ಹೊರಗೆ ಬಂದು ಅಡ್ಡಗಂಬ ಇಳಿಸಿದ. ಅದು ಎತ್ತಿನ ಹಿಣಿಲಿಗೆ, ಬೆನ್ನ ಮೇಲಿನ ಡುಬ್ಬಕ್ಕೆ, ತಾಗಿ ನಿಂತಿತು. ಮಾವ ಬಾಲ ತಿರುವಿದ, ನಾನು ಹಗ್ಗ ಎಳೆದೆ, ಪಟೇಲರು ಹಿಂಡಿ ತೋರಿಸಿದರು. ಎತ್ತು ಮೆಲುಕು ಹಾಕುತ್ತ ನಮ್ಮನ್ನು ನೋಡುತ್ತಿತ್ತು. ದೂರದಲ್ಲಿ, ಹೊರಗಿನ ಸಿಗ್ನಲ್ಲಿನ ಹತ್ತಿರ, ಗಾಡಿ ಬಂದು ನಿಂತು ಸೀಟಿ ಹೊಡೆಯಿತು.

ನಾನು ಕೊಠಡಿಯೊಳಗೆ ಓಡಿದೆ. ನನ್ನ ಬಳಿ ಇದ್ದದ್ದು ಒಂದೇ ಆಯುಧ, ಮಾತು.

“ಕಾಕಾ, ಗಾಡಿ ಒಳಗ ತಗೋರಿ. ಎತ್ತು ಎದ್ದ ಮ್ಯಾಲ ಗೇಟ್ ಹಾಕಿದ್ರಾತು.”

“ಗೇಟ್ ಬೀಳದ ಸಿಗ್ನಲ್ ಬೀಳಂಗಿಲ್ಲ.”

“ನೀವ ಬೀಳಸ್ರಿ. ಯಾರು ನೋಡ್ಲತ್ತಾರ?”

“ನಾ ಬೀಳಸ್ತೀನಂದ್ರೂ ಬೀಳಂಗಿಲ್ಲೋ ಮಾರಾಯಾ.”

“ಅರ್ಧ ಹಾಕೀರಲ್ಲ ಗೇಟು. ಸಿಗ್ನಲ್ಲೂ ಅರ್ಧ ಬೀಳಸ್ರಿ.”

“ಅರ್ಧ ಸಿಗ್ನಲ್ ನೋಡಿ ಡ್ರೈವರ್ ಅರ್ಧ ಗಾಡಿ ತರ್ತಾನೇನು?”

“ನಮ್ಮ ಮನ್ಯಾಗ ಹಸನಾದ ತುಪ್ಪ ಅದ ಕಾಕಾ. ಕೊಡ ತುಂಬ ತಂದು ಕೊಡ್ತೀನಿ.”

“ತಾ. ಲಿವರಿಗಿ ಹಚ್ಚಿ ನೋಡೂಣು ಜಾರ್ತದೇನು.” ಅವನು ಬದಿಗೆ ಸರಿದು ನಿಂತ. “ನೀನ ಎಳಿ. ಎಳಿ ಎಳಿ, ನಾ ಏನೂ ಅನ್ನಂಗಿಲ್ಲ.”

ಎಳೆದೆ. ಕುರಿ ಹೊತ್ತ ಹೆಗಲು, ಎತ್ತು ಹಿಡಿದ ಕೈ ನನ್ನವು. ಕಾಲು ಒದೆಗೊಟ್ಟು, ಉಸಿರು ಕಟ್ಟಿ ಎಳೆದೆ. ಲಿವರು ಕೂದಲೆಳೆಯಷ್ಟೂ ಕದಲಲಿಲ್ಲ. ಮತ್ತೆ ಎಳೆದೆ, ತಿರುಚಿ ಎಳೆದೆ, ಜೋತುಬಿದ್ದು ಎಳೆದೆ. ಕೈ ಜಾರಿದಾಗ ನೋಡಿದರೆ ಅಂಗೈ ಕೆಂಪಗೆ ಸುಲಿದಿತ್ತು. ಲಿವರು ಮೊದಲು ನಿಂತಂತೆಯೇ ನಿಂತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಹಟವಿರಲಿಲ್ಲ. ಹಟಮಾರಿ ಮನುಷ್ಯನನ್ನು ಕಂಡಿದ್ದೆ, ಹಟಮಾರಿ ಎತ್ತನ್ನು ಆಗಷ್ಟೇ ಕಂಡು ಬಂದಿದ್ದೆ. ಇದು ಹಟವಲ್ಲ. ಇದರೊಳಗೆ ‘ಇಲ್ಲ’ ಎಂಬುದು ‘ಇಲ್ಲ’ವೇ ಆಗಿತ್ತು. ಅಂಥ ‘ಇಲ್ಲ’ವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬಗ್ಗಿ ಅದರ ಬುಡ ನೋಡಿದೆ. ಲಿವರಿನ ಕೆಳಗೆ ಎಣ್ಣೆ ಹಚ್ಚಿದ ಕಬ್ಬಿಣದ ಪಟ್ಟಿ, ಪಟ್ಟಿಯಲ್ಲಿ ಎರಡು ಕಚ್ಚು. ಒಂದು ಕಚ್ಚಿನೊಳಗೆ ಕಬ್ಬಿಣದ ನಾಲಿಗೆಯೊಂದು ಹೋಗಿ ಕೂತಿತ್ತು. ಇನ್ನೊಂದು ಕಚ್ಚು ಖಾಲಿ, ಅದರ ನಾಲಿಗೆ ಹೊರಗೆ ಸರಿದಿತ್ತು.

“ಕಾಕಾ, ಇದು ಹೊರಗ ಬರೋದು ಯಾವಾಗ?”

“ಗೇಟಿನ ಕೀಲಿ ತಂದು ಆ ತೂತಿನ್ಯಾಗ ತಿರುವಿದಾಗ. ಗೇಟ್ ಪೂರಾ ಬಿದ್ದು ಬೀಗ ಹತ್ತಿದ್ರಷ್ಟೇ ಆ ಕೀಲಿ ಕೈಗಿ ಬರ್ತದ.”

“ಈ ಇನ್ನೊಂದು?”

“ಹಳಿ ಈ ಕಡಿ ತಿರುಗಿ ಕೂತಾಗ. ಅದು ಕೂತದ.”

“ಎರಡರಾಗ ಒಂದು ಬಂದದಲ್ಲ ಮತ್ತ.”

“ಒಂದ ನಾಲಿಗಿ ಹಿಡಿದಿದ್ರೂ ಹಿಡಿದಂಗನ. ಎರಡೂ ಬಿಡಬೇಕು.”

“ಸಿಗ್ನಲ್ ಬಿದ್ದ ಮ್ಯಾಲ ಗೇಟ್ ತೆರೀಬೇಕಂದ್ರ?”

“ಕೀಲಿ ಒಳಗ ಸಿಕ್ಕೊಂಡಿರ್ತದ, ಬರಂಗಿಲ್ಲ. ಸಿಗ್ನಲ್ ಮತ್ತ ಮ್ಯಾಲ ಹಾಕಬೇಕು. ಯಾಕಂತ ನನಗ ಕೇಳಬ್ಯಾಡ. ಯಾರು ಮಾಡ್ಯಾರೋ, ಹಿಂಗ ಮಾಡಿ ಹೋಗ್ಯಾರ.”

ಆ ಮಣ್ಣುನೆಲದ ಮೇಲೆ ಮಂಡಿಯೂರಿ ಕೂತವನು ನಾನು ಆ ಕಬ್ಬಿಣದ ನಾಲಿಗೆಯನ್ನೇ ನೋಡುತ್ತಿದ್ದೆ. ಹೊರಗೆ ಗಾಡಿ ಕೂಗುತ್ತಿತ್ತು, ಮಾವ ಕೂಗುತ್ತಿದ್ದ, ಒಂದು ಗಳಿಗೆ ನನಗೆ ಯಾವುದೂ ಕೇಳಿಸಲಿಲ್ಲ. ನಾವು ಮಾತಿನಲ್ಲಿ ಆಡುವ ‘ಇದೂ ಆಗಬೇಕು, ಅದೂ ಆಗಬೇಕು, ಆಗ ಮಾತ್ರ’ ಎಂಬುದನ್ನು ಯಾರೋ ಕಬ್ಬಿಣದಲ್ಲಿ ಎರಕ ಹೊಯ್ದು ಇಟ್ಟಿದ್ದರು. ಆಡಿದವನು ಅಲ್ಲಿಲ್ಲ, ಅವನ ಮಾತು ಮಾತ್ರ ಅಲ್ಲಿ ನಿಂತಿದೆ. ಮರೆಯುವುದಿಲ್ಲ, ದಣಿಯುವುದಿಲ್ಲ, ಮುಖ ನೋಡಿ ಬದಲಾಗುವುದಿಲ್ಲ. ನಿಜಾಮನ ಸಾಹೇಬ ಬಂದು ಎಳೆದರೂ ಅಷ್ಟೇ, ಕುರುಬನ ಮಗ ಎಳೆದರೂ ಅಷ್ಟೇ. ಎತ್ತಿನ ಜೋಡಿಯೂ ಹಾಗೆಯೇ ಅಲ್ಲವೆ, ಒಂದು ಕುಂಟಿದರೆ ಜೋಡಿಯೇ ಕುಂಟು, ಎರಡೂ ನೆಟ್ಟಗಿದ್ದರೆ ಮಾತ್ರ ಜೋಡಿ. ಅಷ್ಟು ವರ್ಷ ಜೋಡಿ ನೋಡಿಯೂ ನನಗೆ ಹೊಳೆಯದಿದ್ದದ್ದು ಅಲ್ಲಿ ಹೊಳೆಯಿತು.

ಅದರ ಬೆನ್ನಿಗೇ ಇನ್ನೊಂದೂ ಹೊಳೆಯಿತು. ನಾನು ಕೇಳುತ್ತಿದ್ದದ್ದು ಗೇಟು ತೆರೆದೂ ಇರಬೇಕು, ಸಿಗ್ನಲ್ ಬಿದ್ದೂ ಇರಬೇಕು ಎಂದು. ಸಂತೆಯಲ್ಲಿ ಇಂಥದ್ದನ್ನು ಎಷ್ಟೋ ಸಲ ಗಿಟ್ಟಿಸಿದ್ದೆ. ಈ ಕಬ್ಬಿಣದ ಹತ್ತಿರ ಎರಡೂ ಒಟ್ಟಿಗೆ ಎಂದಿಗೂ ಸಿಗುವುದಿಲ್ಲ. ಆದರೆ ಒಂದರ ನಂತರ ಒಂದು ಸಿಗಬಹುದಲ್ಲ? ಮೊದಲು ಗೇಟು ಬೀಳಲಿ, ಗಾಡಿ ಒಳಗೆ ಬರಲಿ. ಆಮೇಲೆ ಸಿಗ್ನಲ್ ಏರಲಿ, ಕೀಲಿ ಹೊರಗೆ ಬರಲಿ, ಗೇಟು ತೆರೆಯಲಿ. ಎಂಜಿನ್ನು ಇಲ್ಲಿ ನೀರು ಕುಡಿಯಲು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಅಷ್ಟು ಹೊತ್ತು ನಮ್ಮದು.

ಉಳಿದದ್ದು ಮಲಗಿದ ಎತ್ತು. ಜೋಡಿಗೆ ಒಗ್ಗಿದ ಎತ್ತು ಜೊತೆಗಾರನ ಬದಿಗಲ್ಲದೆ ಏಳುವುದಿಲ್ಲ. ಜೊತೆಗಾರ ಹಳಿಯ ಆಚೆ. ಇದು ಆಚೆ ಹೋಗಲು ಒಲ್ಲದು ಅಂದಮೇಲೆ ಅದೇ ಈಚೆ ಬರಬೇಕು. ಹೊರಗೆ ಬಂದು ಮಾವನಿಗೆ ಹೇಳಿದೆ.

“ತಲಿ ಕೆಟ್ಟದೇನು ನಿಂದು?” ಮಾವ ರುಮಾಲು ಬಿಚ್ಚಿ ಕೊಡವಿದ. “ಭಂಡಾರ ಹಚ್ಚಿದ ಎತ್ತು ಹಿಂದಕ್ಕ ತಂದ್ರ ಸೌದಾ ಮುರೀತು. ಅಷ್ಟೂ ತಿಳಿಯಂಗಿಲ್ಲ, ಎತ್ತಿನ ವ್ಯಾಪಾರಕ್ಕ ಬಂದಾನ. ಕುರಿಗೋಳು ಪುಣ್ಯಾ ಮಾಡ್ಯಾವ ನಿನ್ನ ಹೊಳ್ಳಿ ಪಡೀಲಾಕ.”

ಪಟೇಲರ ಕಡೆಗೆ ತಿರುಗಿದೆ. ಕಬ್ಬಿಣಕ್ಕೆ ಕೇಳಿದ ಪ್ರಶ್ನೆಯನ್ನೇ ಅವರಿಗೂ ಕೇಳಿದೆ.

“ಪಟೇಲ್ರ, ಸೌದಾ ಮುರಿಯೋದು ಯಾವಾಗ್ರಿ? ಎತ್ತು ಹಿಂದಕ್ಕ ಹೊಳ್ಳಿದಾಗೋ, ಮಾರಿದವನ ಗೂಟಕ್ಕ ಕಟ್ಟಿದಾಗೋ?”

ಪಟೇಲರು ಗಡ್ಡ ಕೆರೆದುಕೊಂಡರು. ಗಾಡಿ ಮತ್ತೊಮ್ಮೆ ಕೂಗಿತು. “ಗೂಟಕ್ಕ ಕಟ್ಟಿದಾಗ,” ಅಂದರು. “ಹಾದ್ಯಾಗ ನೀರಿಗಂತ ಹೊಳ್ಳಿಸಿದ್ರ ಯಾರ ಸೌದಾ ಮುರೀತದ?”

“ಹಂಗಾದ್ರ ಹಗ್ಗ ನೀವ ಹಿಡೀರಿ. ನಮ್ಮ ಕೈ ಹತ್ತಂಗಿಲ್ಲ, ನಮ್ಮ ಗೂಟ ಇಲ್ಲಿಲ್ಲ. ಎತ್ತು ನಿಮ್ದು, ನಿಮ್ಮ ಕೈಯಾಗನ ಇರ್ತದ.”

“ನಿನ್ನ ಅಳಿಯಾ ವಕೀಲಿ ಓದ್ಯಾನೇನು?” ಎಂದು ಪಟೇಲರು ಮಾವನನ್ನು ಕೇಳಿದರು. ಮಾವ ರುಮಾಲು ಸುತ್ತಿಕೊಳ್ಳುವುದರಲ್ಲೇ ತಲೆ ತಗ್ಗಿಸಿದ.

ಪಟೇಲರು ಹಳಿ ದಾಟಿ ಹೋಗಿ ಬಲಗಡೆಯ ಎತ್ತನ್ನು ತಾವೇ ಹಿಡಿದು ತಂದರು. ಅದು ಬದಿಗೆ ಬಂದು ನಿಂತದ್ದೇ ತಡ, ಮಲಗಿದ್ದು ಮುಂಗಾಲೂರಿ ಎದ್ದು, ಮೈ ಕೊಡವಿ, ಅದರ ಕತ್ತಿಗೆ ಕತ್ತು ತಿಕ್ಕಿತು. ಎರಡನ್ನೂ ರಸ್ತೆಯ ಬದಿಯ ಬೇವಿನ ನೆರಳಿಗೆ ಒಯ್ದೆವು. ಅಡ್ಡಗಂಬ ಪೂರ್ತಿ ಇಳಿಯಿತು. ಬೀಗ ಹತ್ತಿತು, ಕೀಲಿ ಬಂತು.

ನಾನು ಕಾಂಟೇವಾಲಾನ ಹಿಂದೆಯೇ ಕೊಠಡಿಗೆ ಹೋಗಿ ಮತ್ತೆ ಮಂಡಿಯೂರಿ ಕೂತೆ. ನೋಡಬೇಕಿತ್ತು. ಕೀಲಿ ತೂತಿನಲ್ಲಿ ತಿರುಗಿತು, ನಾಲಿಗೆ ಕಚ್ಚಿನಿಂದ ಮೆಲ್ಲಗೆ ಹಿಂದಕ್ಕೆ ಸರಿಯಿತು, ಬೆಕ್ಕು ಬಾಯಿ ಮುಚ್ಚಿಕೊಂಡಂತೆ. ಅವನು ಒಂದೇ ಕೈಯಿಂದ ಲಿವರು ಎಳೆದ. ನನ್ನ ಮೈಭಾರಕ್ಕೆ ಕದಲದ ಅದೇ ಲಿವರು, ಮುದುಕನ ಒಂದು ಕೈಗೆ ಸರಕ್ಕನೆ ಬಂತು. ದೂರದಲ್ಲಿ ಸಿಗ್ನಲ್ಲಿನ ಕೆಂಪು ಕೈ ಬಾಗಿತು. ಅಷ್ಟು ದೊಡ್ಡ ಗಾಡಿ, ಅಷ್ಟು ಬೆಂಕಿ, ಅಷ್ಟು ಹೊಗೆ, ಒಂದು ಬೆರಳುದ್ದದ ನಾಲಿಗೆ ಸರಿದದ್ದಕ್ಕಾಗಿ ಕದಲಿ ಒಳಗೆ ಬಂತು. ದೇವರ ಗುಡಿಯಲ್ಲೂ ನನಗೆ ಅಂಥ ರೋಮಾಂಚನವಾಗಿಲ್ಲ. ಬೀರಪ್ಪ ಕ್ಷಮಿಸಲಿ.

“ಗಾಡಿ ಬಂತು, ಎತ್ತು ಹೊರಗ,” ಎಂದ ಮಾವ ಬಾಗಿಲಲ್ಲಿ ನಿಂತು. “ಈಗೇನು ಮಾಡ್ತಿ ಶಾಣ್ಯಾ?”

“ಕಾಕಾ, ಗಾಡಿ ಪೂರಾ ಗೇಟ್ ದಾಟ್ಯದೇನು?”

“ದಾಟ್ಯದ.”

“ಸಿಗ್ನಲ್ ಮ್ಯಾಲ ಹಾಕ್ರಿ ಮತ್ತ. ಕೀಲಿ ಬರ್ತದಲ್ಲ?”

ಕಾಂಟೇವಾಲಾ ನನ್ನ ಮುಖ ನೋಡಿದ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸಿಡುಕಲಿಲ್ಲ. “ಬರ್ತದ,” ಅಂದ.

ಗೇಟು ತೆರೆಯಿತು. ಈ ಸಲ ನಾನು ಬಲಗಡೆ, ಎಡಗಡೆ ಎಂದು ನೋಡಲಿಲ್ಲ. ಅಲ್ಲೇ ನಿಂತಿದ್ದ ಒಂದು ಬಂಡಿಯವನ ಹತ್ತಿರ ನೊಗ ಕೇಳಿ ತಂದು ಎರಡರ ಹೆಗಲಿಗೂ ಇಟ್ಟೆ. ನೊಗ ಬಿದ್ದ ಜೋಡಿ ಒಂದೇ ಪ್ರಾಣಿಯಂತೆ ನಡೆಯಿತು. ಎಡಗಡೆಯದು ಹಳಿಯ ಹತ್ತಿರ ಮತ್ತೆ ಮೂಗು ಊದಿಸಿತು, ಆದರೆ ಬದಿಯವನು ನಿಲ್ಲದಿದ್ದಾಗ ತಾನು ನಿಲ್ಲುವುದು ಹೇಗೆ? ಕಾಲು ಎತ್ತೆತ್ತಿ ಇಟ್ಟು ದಾಟಿತು. ಎಂಜಿನ್ನು ನೀರು ಕುಡಿದು ಮುಗಿಸುವಷ್ಟರಲ್ಲಿ ಜೋಡಿ ಡಬ್ಬಿಯೊಳಗಿತ್ತು. ಎಂಜಿನ್ನು ಬಂದು ಡಬ್ಬಿಯನ್ನು ಗಾಡಿಗೆ ಜೋಡಿಸಿಕೊಂಡಿತು. ಪಟೇಲರು ಕೈ ಬೀಸಿದರು. ಗಾಡಿ ಬೀದರಿನ ದಿಕ್ಕಿಗೆ ಹೊರಟಿತು.

ಮಾವ ಶಹಬಾಸ್ ಅನ್ನಲಿಲ್ಲ, ಅನ್ನುವ ಮನುಷ್ಯನೂ ಅಲ್ಲ. ಹೊಗೆ ಕರಗುವವರೆಗೆ ನಿಂತು ನೋಡಿ, ತಂಬಾಕು ತಿಕ್ಕುತ್ತ ಹೇಳಿದ.

“ನಾಳಿ ಕಾಸಾರಶಿರಸಿ ಸಂತಿ ಅದ. ಹೊತ್ತು ಹುಟ್ಟೂದರಾಗ ಬಾ. ಆ ಕೈಗಿ ಏನರ ಹಚ್ಚು, ಎತ್ತಿನ ಹಗ್ಗ ಹಿಡೀಬೇಕು.”

ಅಲ್ಲಿಂದ ನನ್ನ ವ್ಯಾಪಾರ ಶುರುವಾಯಿತು. ಕಾಸಾರಶಿರಸಿ, ಉಮರಗಾ, ಜಳಕೋಟ, ಎಲ್ಲಿ ಹೋದರೂ ಸೌದಾದ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ, ಇದು ಮುರಿಯುವುದು ಯಾವಾಗ ಎಂದು. ಜನ ಇದನ್ನು ಅಪಶಕುನ ಅಂದರು, ಕೆಲವರು ಎದ್ದೇ ಹೋದರು. ಕೂತು ಉತ್ತರ ಕೊಟ್ಟವರ ಜೊತೆ ನನಗೆ ಎಂದೂ ತಂಟೆಯಾಗಲಿಲ್ಲ. ಮಾಲು ಕಳಿಸಲು ಉದಗೀರಕ್ಕೆ ಹೋದಾಗಲೆಲ್ಲ ಆ ಕೊಠಡಿಗೆ ಹೋಗಿ ಬಗ್ಗಿ ನೋಡಿ ಬರುತ್ತಿದ್ದೆ. ಈ ನಡುವೆ ನಮ್ಮ ಕಾಲ ಕೆಳಗೇ ರಾಜ್ಯ ಬದಲಾಯಿತು. ಹೈದರಾಬಾದಿನವರಾಗಿದ್ದವರು ಮುಂಬೈಯವರಾದೆವು, ಆಮೇಲೆ ಮಹಾರಾಷ್ಟ್ರದವರಾದೆವು. ಕಚೇರಿಯ ಕಾಗದ ಉರ್ದುವಿನಿಂದ ಮರಾಠಿಗೆ ಹೊರಳಿತು, ಮನೆಯ ಮಾತು ಕನ್ನಡವಾಗಿಯೇ ಉಳಿಯಿತು, ಯಾರು ಯಾವ ಕಡೆ ಎಂಬುದಕ್ಕೆ ಅರ್ಧ ಹೌದು, ಅರ್ಧ ಅಲ್ಲ ಎಂದೇ ಉತ್ತರ. ಕೊಠಡಿಯಲ್ಲಿ ಮಾತ್ರ ಆ ನಾಲಿಗೆ, ಗೇಟು ಬಿದ್ದರೆ ಬಿಡುತ್ತಿತ್ತು, ಬೀಳದಿದ್ದರೆ ಹಿಡಿಯುತ್ತಿತ್ತು. ಬಾಯಿಯ ಕ್ಲಾಸಿನಲ್ಲಿ ಆಕೆ ಹೇಳಿದಳು, ಈ ಸಣ್ಣ ಡಬ್ಬಿಯೊಳಗೆ ಅಂಥ ನಾಲಿಗೆಗಳು ಕೋಟಿಗಟ್ಟಲೆ ಇವೆ ಅಜ್ಜಾ, ಕಬ್ಬಿಣದವಲ್ಲ, ಕರೆಂಟಿನವು, ಎಂದು. ನಾನು ಆ ಡಬ್ಬಿಯ ಮೇಲೆ ಕೈಯಿಟ್ಟು ನೋಡಿದೆ. ಮನುಷ್ಯನಿಗೆ ಇಂಥದ್ದು ಹೊಳೆದದ್ದಾದರೂ ಹೇಗೆ ಎಂದು ಇವತ್ತಿಗೂ ನನಗೆ ಬೆರಗು.

ನೀವು ಕಂಪ್ಯೂಟರು ಕಲಿಯಲು ಕೂತಿದ್ದರೆ, ದುಡಿದು ತಿಂದವನ ನಾಲ್ಕು ಮಾತು ಕೇಳಿ, ಬಿಟ್ಟಿ ಕೊಡುತ್ತಿದ್ದೇನೆ. ಷರತ್ತು ಬರೆಯುವ ಮುಂಚೆ ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ‘ಹೌದು’ ಇಲ್ಲವೆ ‘ಅಲ್ಲ’ ಎಂದು ಉತ್ತರ ಬರುತ್ತದೋ ನೋಡಿ. ‘ಎತ್ತು ಚೆನ್ನಾಗಿದ್ದರೆ’ ಎಂಬುದು ಷರತ್ತೇ ಅಲ್ಲ, ಅದರೊಳಗೆ ಹಲ್ಲು, ಗೊರಸು, ನಡಿಗೆ ಎಂದು ಮೂರು ಷರತ್ತುಗಳು ಅಡಗಿವೆ, ಬಿಡಿಸಿ ಬರೆಯಿರಿ. ‘ಇಲ್ಲದಿದ್ದರೆ’ ಎಂಬುದನ್ನು ಕಡೆಗೆಂದು ಬಿಡಬೇಡಿ, ಮೊದಲೇ ಬರೆಯಿರಿ. ಕಡೆಗೆಂದು ಬಿಟ್ಟವನು ಮರೆಯುತ್ತಾನೆ, ಯಂತ್ರ ಅದನ್ನು ತುಂಬಿಕೊಡುವುದಿಲ್ಲ. ಕೆಲಸ ನಡೆಯದಿದ್ದಾಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ, ನನ್ನ ಹಾಗೆ ಜೋತುಬೀಳಬೇಡಿ. ಯಾವ ಷರತ್ತು ಹಿಡಿದಿದೆ ಎಂದು ಬಗ್ಗಿ ನೋಡಿ. ಷರತ್ತೆಲ್ಲ ಸರಿಯಿದ್ದೂ ಅಡ್ಡಿಯಾದರೆ ಅವುಗಳ ಸರದಿ ಬದಲಿಸಿ ನೋಡಿ, ಅರ್ಧ ತೊಡಕು ಅಲ್ಲೇ ಇರುತ್ತದೆ. ಇನ್ನು, ಮೊದಲ ದಿನವೇ ಹತ್ತು ಷರತ್ತು ಪೋಣಿಸಲು ಹೋಗಬೇಡಿ. ಎರಡೇ ತೆಗೆದುಕೊಳ್ಳಿ. ಎರಡೂ ಹೌದು, ಮೊದಲನೆಯದಷ್ಟೇ ಹೌದು, ಎರಡನೆಯದಷ್ಟೇ ಹೌದು, ಎರಡೂ ಅಲ್ಲ, ಹೀಗೆ ನಾಲ್ಕು ರೀತಿಯಲ್ಲೂ ಹಾಕಿ ಏನು ಬರುತ್ತದೆ ಎಂದು ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಯಂತ್ರಕ್ಕೆ ಹಾಕಿ ತಾಳೆ ನೋಡಿ. ನಮ್ಮ ಕಡೆ ಕರೆಂಟು ಹೋಗುತ್ತಲೇ ಇರುತ್ತದೆ, ಕಾಗದದ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಂಡರೆ ಫೀ ಕೊಟ್ಟ ವೇಳೆ ಹಾಳಾಗುವುದಿಲ್ಲ.